ಇಲ್ಲವೆನ್ನುವಷ್ಟು ಅಲ್ಪವಾದ ಘರ್ಷಣೆಯನ್ನು ಅಳೆಯುವ ಬಗೆ

ಇಂಡಿಯ ಸಮೀಪದ ಹಳ್ಳಿಯೊಂದರಲ್ಲಿ ನಿಂಬೆಯ ತೋಟವನ್ನೂ ಎರೆಯ ಹೊಲವನ್ನೂ ನೋಡಿಕೊಂಡಿರುವ ನಮ್ಮ ಸೋದರಮಾವಂದಿರು ಕಳೆದ ವರ್ಷ ಹಿಂಗಾರಿಯ ಮುಂಚೆ ಸಿಂದಗಿಯ ಸಂತೆಗೆ ಹೋಗಿದ್ದರು. ಅಲ್ಲಿ ಒಬ್ಬ ವ್ಯಾಪಾರಿಯು ಮೇಜಿನ ಮೇಲೆ ಸಣ್ಣದೊಂದು ಯಂತ್ರವನ್ನಿಟ್ಟುಕೊಂಡು ನಿಂತಿದ್ದನು. ವಿದ್ಯುತ್ತಿನಿಂದ ತಿರುಗುವ ಉಕ್ಕಿನ ಬಳೆ. ಅದರ ಮೇಲೆ ಸನ್ನೆಯಿಂದ ಒತ್ತಲ್ಪಡುವ ಉಕ್ಕಿನ ತುಂಡು. ಪೇಟೆಯಲ್ಲಿ ಸಿಕ್ಕುವ ಎಂಜಿನ್ ಎಣ್ಣೆಯನ್ನು ಹಾಕಿ ಸನ್ನೆಯನ್ನು ಒತ್ತಿದರೆ ಬಳೆಯು ಕಿರ್ರೆಂದು ಕಿರುಚಿ ನಿಂತುಹೋಯಿತು. ಅದೇ ಎಣ್ಣೆಗೆ ತನ್ನ ಡಬ್ಬಿಯಿಂದ ನಾಲ್ಕು ಹನಿ ಬೆರೆಸಿದ ಮೇಲೆ ಎಷ್ಟು ಒತ್ತಿದರೂ ನಿಲ್ಲಲೊಲ್ಲದು. "ಘರ್ಷಣೆ ಸೊನ್ನೆ! ಡೀಸೆಲ್ ಅರ್ಧ ಉಳಿತಾಯ!" ಎಂದು ವ್ಯಾಪಾರಿಯು ಕೂಗಿದನು. ಮಾವಂದಿರು ಎರಡು ಡಬ್ಬಿಗಳನ್ನು ಕೊಂಡು ತಂದು, ಒಂದನ್ನು ಟ್ರ್ಯಾಕ್ಟರಿನ ಎಂಜಿನ್ನಿಗೆ ಸುರಿದರು.

ನಾವು ಆ ಊರಿಗೆ ಹೋದಾಗ ಅವರು ಎರಡನೆಯ ಡಬ್ಬಿಯನ್ನು ನಮ್ಮ ಮುಂದಿಟ್ಟು, "ತಮ್ಮಾ, ನನ್ನ ಕಣ್ಣಾರೆ ನೋಡೀನಿ. ಕಣ್ಣು ಸುಳ್ಳು ಹೇಳತೈತೇನು?" ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ಕೊಡುವುದು ತಿಳಿದಷ್ಟು ಸುಲಭವಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಎತ್ತಿನ ಚಕ್ಕಡಿಯಿದ್ದ ಮನೆಗಳಲ್ಲಿ ಈಗ ಟ್ರ್ಯಾಕ್ಟರು, ಮೋಟಾರ್ ಸೈಕಲ್ಲು, ಕೊಳವೆ ಬಾವಿಯ ಪಂಪು ಇವೆ. ಹೀಗಿರಲು ಎಣ್ಣೆಯ ಗುಣವನ್ನು ಪರೀಕ್ಷಿಸುವುದು ಕಾರಖಾನೆಯವರ ಕೆಲಸವೆಂದು ಗೃಹಸ್ಥನು ಸುಮ್ಮನಿರುವಂತಿಲ್ಲ. ಹಣವು ಹೋಗುವುದು ಅವನ ಗಂಟಿನಿಂದಲೇ. ಆದುದರಿಂದ ಬಹು ಅಲ್ಪವಾದ ಘರ್ಷಣೆಯನ್ನು ಬಲ್ಲವರು ಹೇಗೆ ಅಳೆಯುತ್ತಾರೆಂಬುದನ್ನು ಈ ತಿಂಗಳು ವಿವರಿಸಬೇಕೆಂದಿರುವೆವು.

ಮೊದಲು ಸಂತೆಯ ಯಂತ್ರದ ಸಂಗತಿ. ಅಲ್ಲಿ ಮಾವಂದಿರ ಕಣ್ಣು ಸುಳ್ಳು ಹೇಳಲಿಲ್ಲ. ಯಂತ್ರವು ಬೇರೊಂದು ಪ್ರಶ್ನೆಗೆ ಉತ್ತರ ಕೊಟ್ಟಿತು. ಆ ಬಳೆಗೂ ತುಂಡಿಗೂ ನಡುವೆ ಬೀಳುವ ಒತ್ತಡವು ಒಂದು ಸಣ್ಣ ಚುಕ್ಕೆಯಷ್ಟು ಜಾಗದ ಮೇಲೆ ಬೀಳುವುದರಿಂದ ವಿಪರೀತವಾದುದು. ಕ್ಲೋರಿನ್ ಮೊದಲಾದವು ಬೆರೆತ ರಸಾಯನಗಳು ಅಂಥ ಒತ್ತಡದ ಬಿಸಿಯಲ್ಲಿ ಉಕ್ಕಿನೊಡನೆ ಕೂಡಿ ತೆಳುವಾದ ಪೊರೆಯನ್ನು ಕಟ್ಟುತ್ತವೆ, ಬಳೆಯು ಕಚ್ಚಿಕೊಳ್ಳುವುದಿಲ್ಲ. ತಲೆ ತೊಳೆಯುವ ಶಾಂಪೂ ಕೂಡ ಈ ಪರೀಕ್ಷೆಯಲ್ಲಿ ಒಳ್ಳೆಯ ಎಂಜಿನ್ ಎಣ್ಣೆಯನ್ನು ಸೋಲಿಸಿದ್ದುಂಟು. ಹಾಗೆಂದು ಶಾಂಪೂವನ್ನು ಎಂಜಿನ್ನಿಗೆ ಸುರಿಯುವವರಾರು? ಎಂಜಿನ್ನಿನೊಳಗೆ ಹೆಚ್ಚಿನ ಅಂಗಗಳು ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತವೆ. ಅಲ್ಲಿ ಈ ಪೊರೆಗೆ ಕೆಲಸವೇ ಕಡಿಮೆ. ಮೇಲಾಗಿ ಕ್ಲೋರಿನ್ನಿನ ರಸಾಯನಗಳು ಕಾಲಾಂತರದಲ್ಲಿ ಲೋಹವನ್ನು ತಿನ್ನುವ ಭಯವೂ ಉಂಟು. ಇನ್ನು ಡೀಸೆಲ್ಲಿನ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯೊಡನೆಯೂ ತಂಪು ಮಾಡುವ ನೀರಿನೊಡನೆಯೂ ಹೊರಟುಹೋಗುತ್ತದೆ. ಅದರ ಮೇಲೆ ಯಾವ ಎಣ್ಣೆಯ ಅಧಿಕಾರವೂ ನಡೆಯದು. ಉಳಿದುದರಲ್ಲಿ ಘರ್ಷಣೆಯದು ಒಂದು ಪಾಲು ಮಾತ್ರ.

ಹಾಗಾದರೆ ಘರ್ಷಣೆಯನ್ನು ಅಳೆಯುವುದೆಂದರೇನು? ಒಂದು ಕ್ವಿಂಟಲ್ ತೂಕದ ಜೋಳದ ಚೀಲವನ್ನು ನೆಲದ ಮೇಲೆ ಎಳೆಯುವಿರೆಂದು ಭಾವಿಸಿರಿ. ಅದಕ್ಕೆ 50 ಕಿಲೋ ತೂಕದಷ್ಟು ಸೆಳೆತ ಬೇಕಾದರೆ ಘರ್ಷಣಾಂಕವು 0.5. ಒತ್ತುವ ಭಾರದಲ್ಲಿ ಎಷ್ಟನೆಯ ಪಾಲು ಸೆಳೆತ ಬೇಕೆಂಬುದೇ ಘರ್ಷಣಾಂಕದ ಅರ್ಥ. ಒಣ ಉಕ್ಕಿನ ಮೇಲೆ ಒಣ ಉಕ್ಕು ಜಾರುವಾಗ ಅದು ಅರ್ಧಕ್ಕಿಂತ ಹೆಚ್ಚೇ ಇರುವುದುಂಟು. ಎಣ್ಣೆಯ ಪಸೆ ಮಾತ್ರ ಇದ್ದರೆ ಸುಮಾರು 0.1, ಆಗ ಕ್ವಿಂಟಲ್ ಭಾರಕ್ಕೆ 10 ಕಿಲೋ ಸೆಳೆತ ಸಾಕು. ಎಣ್ಣೆಯು ದಟ್ಟವಾದ ಪದರವಾಗಿ ನಿಂತು ಎರಡು ಲೋಹಗಳನ್ನೂ ಬೇರ್ಪಡಿಸಿದರೆ 0.001ರ ವರೆಗೂ ಇಳಿಯಬಲ್ಲುದು. ಕ್ವಿಂಟಲ್ ಭಾರಕ್ಕೆ 100 ಗ್ರಾಮಿನ ಸೆಳೆತ.

ನಮ್ಮ ಹಿರಿಯರು ಇದನ್ನು ಅನುಭವದಿಂದ ಅರಿತಿದ್ದರು. ಹುಲ್ಲು ಸುಟ್ಟ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಮಾಡಿದ ಕೀಲೆಣ್ಣೆಯು ಚಕ್ಕಡಿಯ ಅಚ್ಚಿಗೆ ಅಂಟಿಕೊಂಡು, ಎತ್ತುಗಳ ಹೆಗಲಿನ ಭಾರವನ್ನು ಹಗುರ ಮಾಡುತ್ತಿತ್ತು. ಈಗಿನವರು ಎಣ್ಣೆಯ ಜೊತೆಗೆ ಲೋಹದ ಮೇಲೆಯೇ ಲೇಪವನ್ನು ಕೊಡುತ್ತಾರೆ. ದೋಸೆ ಅಂಟದ ಹಂಚಿನ ಮೇಲಿನ ಕರಿಯ ಲೇಪವನ್ನು ನಮ್ಮ ಗೃಹಿಣಿಯರು ಬಲ್ಲರು. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬವರಿಗೆ ಆಕಸ್ಮಿಕವಾಗಿ ದೊರೆತ ವಸ್ತುವದು. ವಜ್ರಸದೃಶವಾದ ಇಂಗಾಲದ ಲೇಪವೆಂಬ ಇನ್ನೊಂದುಂಟು. ಕ್ಷೌರದ ಬ್ಲೇಡಿನ ಅಂಚಿಗೂ ಎಂಜಿನ್ನಿನ ಕೆಲವು ಅಂಗಗಳಿಗೂ ಅದನ್ನು ಕೊಡುತ್ತಾರೆ. ಅದರ ದಪ್ಪವು ಸಾಮಾನ್ಯವಾಗಿ ತಲೆಗೂದಲಿನ ಮೂವತ್ತರಲ್ಲೊಂದು ಪಾಲಿನಷ್ಟು. ಇಂಥ ಇಂಗಾಲದ ಲೇಪಗಳಲ್ಲಿ ಕೆಲವನ್ನು ಗ್ಲಿಸರಿನ್ ಸವರಿ ಉಜ್ಜಿದಾಗ ಘರ್ಷಣಾಂಕವು 0.01ಕ್ಕಿಂತಲೂ ಕೆಳಗಿಳಿದುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಆ ಗೆರೆಯ ಕೆಳಗಿನದನ್ನು ಅತಿಜಾರುತನವೆಂದು ಕರೆಯಬಹುದು. ಆರೋಗ್ಯವಾದ ಮೊಣಕಾಲಿನ ಕೀಲು ಸಹ ಈ ಗೆರೆಯ ಆಸುಪಾಸಿನಲ್ಲಿಯೇ ಕೆಲಸ ಮಾಡುತ್ತದೆ.

ಈ ಗೆರೆಯ ಬಳಿಯಲ್ಲಿ ಅಳತೆಯವನಿಗೆ ಸಂಕಟವು ಪ್ರಾರಂಭವಾಗುತ್ತದೆ. ಮತ್ತೆ ಜೋಳದ ಚೀಲಕ್ಕೆ ಬರೋಣ. ಚೀಲವು ಅತ್ಯಂತ ನುಣುಪಾದ ನೆಲದ ಮೇಲಿದ್ದು, ಅದರ ನಿಜವಾದ ಘರ್ಷಣೆಯು ಕ್ವಿಂಟಲಿಗೆ ಅರ್ಧ ಕಿಲೋ ಎಂದು ಹಿಡಿಯೋಣ. ಆದರೆ ನೆಲವು ಒಂದು ಡಿಗ್ರಿಯಷ್ಟು ಓರೆಯಾಗಿದೆ. ಒಂದು ಡಿಗ್ರಿಯೆಂದರೆ ಎಷ್ಟು? ಒಂದು ಅಡಿ ಉದ್ದಕ್ಕೆ ಒಂದು ದಪ್ಪ ಜೋಳದ ಕಾಳಿನಷ್ಟು ಏರು. ಕಣ್ಣಿಗೆ ಕಾಣದ ಈ ಓರೆಯಿಂದಲೇ ಕ್ವಿಂಟಲ್ ಚೀಲವು ಇಳಿಜಾರಿನ ಕಡೆಗೆ ಸುಮಾರು ಒಂದೂ ಮುಕ್ಕಾಲು ಕಿಲೋ ಬಲದಿಂದ ಜಗ್ಗುತ್ತದೆ. ಏರಿನ ಕಡೆಗೆ ಎಳೆದವನು ತನ್ನ ತಕ್ಕಡಿಯಲ್ಲಿ ಎರಡೂಕಾಲು ಕಿಲೋ ಕಂಡು, "ಘರ್ಷಣೆಯು ನಾಲ್ಕೂವರೆ ಪಟ್ಟು ಹೆಚ್ಚಾಗಿದೆ" ಎನ್ನುವನು. ಇಳಿಜಾರಿನ ಕಡೆಗೆ ಬಿಟ್ಟವನಿಗೆ ಎಳೆಯುವ ಪ್ರಮೇಯವೇ ಇಲ್ಲ; ಚೀಲವು ತಾನೇ ಜಾರಿ ಹೋಗುವುದನ್ನು ಒಂದೂಕಾಲು ಕಿಲೋ ಬಲದಿಂದ ಹಿಡಿದು ನಿಲ್ಲಿಸಬೇಕಾಗುತ್ತದೆ. ಅವನು "ಘರ್ಷಣೆಯು ಸೊನ್ನೆಗಿಂತಲೂ ಕಡಿಮೆ!" ಎನ್ನುವನು. ಇಬ್ಬರೂ ಪ್ರಾಮಾಣಿಕರೇ. ಇಬ್ಬರೂ ಅಳೆದುದು ನೆಲದ ಓರೆಯನ್ನು.

ಘರ್ಷಣೆಯು 50 ಕಿಲೋ ಇದ್ದಾಗ ಈ ಒಂದೂ ಮುಕ್ಕಾಲು ಕಿಲೋ ತಪ್ಪು ಯಾರಿಗೂ ಲೆಕ್ಕಕ್ಕಿಲ್ಲ. ಅಳೆಯಬೇಕಾದುದು ಕಿರಿದಾದಷ್ಟೂ ಅಳೆಯುವ ಸಾಧನದ ದೋಷವು ಹಿರಿದಾಗಿ ತಲೆಯೆತ್ತುತ್ತದೆ. ಪರೀಕ್ಷಾಯಂತ್ರಗಳಲ್ಲಿ ಸೆಳೆತವನ್ನು ತಿಳಿಸುವ ಅಂಗವು ಉಜ್ಜುವ ಮೇಲ್ಮೈಗೆ ಸರಿಯಾಗಿ ಸಮಾನಾಂತರವಾಗಿರದಿದ್ದರೆ ಇದೇ ತಪ್ಪು ನುಸುಳುತ್ತದೆ. ಭಾರವನ್ನು ಹೇರುವ ಮುಂಚೆ ಮುಳ್ಳನ್ನು ಸೊನ್ನೆಗೆ ತಂದಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಓರೆಯಿಂದಾಗುವ ತಪ್ಪು ಭಾರದೊಡನೆಯೇ ಹುಟ್ಟಿ ಭಾರದೊಡನೆಯೇ ಬೆಳೆಯತಕ್ಕದ್ದು. ಬರಿದಾದ ಯಂತ್ರವು ಎಷ್ಟು ಸೊನ್ನೆ ತೋರಿಸಿದರೂ ಭಾರ ಬಿದ್ದೊಡನೆ ಅದು ಹಾಜರಾಗುತ್ತದೆ. ಓರೆಯನ್ನೇ ತೆಗೆದುಹಾಕೋಣವೆಂದರೆ, 0.005ರಷ್ಟು ಘರ್ಷಣಾಂಕವನ್ನು ಹತ್ತರಲ್ಲೊಂದು ಪಾಲಿನ ನಿಖರತೆಯಿಂದ ಅಳೆಯಲು ಡಿಗ್ರಿಯ ಮೂವತ್ತೈದರಲ್ಲೊಂದು ಪಾಲೂ ಓರೆಯಿಲ್ಲದಂತೆ ಯಂತ್ರವನ್ನು ಕೂಡಿಸಬೇಕು; ಭಾರವು ಬಿದ್ದಾಗಲೂ ಅದು ಬಾಗಕೂಡದು. ಇದು ಬಹು ಕಷ್ಟ.

ಇದಕ್ಕೆ ಪರಿಹಾರವನ್ನು ನಮ್ಮ ಮನೆಯ ಮುಂದೆ ಕೆಲಸ ಮಾಡುವ ಗೌಂಡಿಯೇ ಬಲ್ಲನು. ಅವನು ರಸಮಟ್ಟವನ್ನು ಗೋಡೆಯ ಮೇಲಿಟ್ಟು ಗುಳ್ಳೆಯನ್ನು ನೋಡುತ್ತಾನೆ. ಅನಂತರ ಅದನ್ನು ತಿರುಗಿಸಿ, ಈ ತುದಿಯನ್ನು ಆ ಕಡೆಗಿಟ್ಟು ಮತ್ತೆ ನೋಡುತ್ತಾನೆ. ಎರಡು ಸಲವೂ ಗುಳ್ಳೆ ಒಂದೇ ಕಡೆ ನಿಂತರೆ ಗೋಡೆಯ ದೋಷ; ತಿರುಗಿಸಿದೊಡನೆ ಗುಳ್ಳೆಯೂ ಕಡೆ ಬದಲಿಸಿದರೆ ರಸಮಟ್ಟದ ದೋಷ. ತ್ರಾಸಿನ ಮೇಲೆ ಅನುಮಾನ ಬಂದಾಗ ಚಿನ್ನವನ್ನು ಬಲದ ಪರಡಿಯಿಂದ ಎಡಕ್ಕೆ ಬದಲಿಸಿ ತೂಗುವುದೂ ಇದೇ ಯುಕ್ತಿ. ಚೀಲದ ಲೆಕ್ಕದಲ್ಲಿ ನೋಡಿರಿ: ಒಂದು ಕಡೆಗೆ ಎರಡೂಕಾಲು, ಇನ್ನೊಂದು ಕಡೆಗೆ ಹಿಡಿದು ನಿಲ್ಲಿಸುವುದಕ್ಕೆ ಒಂದೂಕಾಲು. ಎರಡರ ಅಂತರವು ಒಂದು ಕಿಲೋ. ಅದರ ಅರ್ಧವು ಅರ್ಧ ಕಿಲೋ. ಇದೇ ನಿಜವಾದ ಘರ್ಷಣೆ! ಓರೆಯು ಎಷ್ಟೆಂಬುದನ್ನು ತಿಳಿಯದೆಯೇ ಅದರ ದೋಷವನ್ನು ಕಳೆದಂತಾಯಿತು. ಘರ್ಷಣೆಯು ಯಾವಾಗಲೂ ಚಲನೆಗೆ ಎದುರಾಗಿ ನಿಲ್ಲುವುದರಿಂದ, ದಿಕ್ಕು ತಿರುಗಿದರೆ ತಾನೂ ತಿರುಗುತ್ತದೆ. ಓರೆಯು ಮಾತ್ರ ಇದ್ದಲ್ಲಿಯೇ ಇರುತ್ತದೆ. ಈ ಒಂದು ಭೇದದಿಂದ ಎರಡನ್ನೂ ಬೇರ್ಪಡಿಸಬಹುದು.

ಅತ್ಯಲ್ಪ ಘರ್ಷಣೆಯ ಅಳತೆಯಲ್ಲಿ ಈ ತಿರುಗಿಸುವ ವಿಧಾನವು ಎಷ್ಟು ಅಗತ್ಯವೆಂಬುದನ್ನು ಅಮೆರಿಕದ ಬರಿಸ್ ಮತ್ತು ಸಾಯರ್ ಎಂಬ ವಿದ್ವಾಂಸರು 2009ರಲ್ಲಿ ವಿಶದಪಡಿಸಿದರು. ತಿರುಗುವ ಬಿಲ್ಲೆಯ ಮೇಲೆ ಮೊಳೆಯಂಥ ಕಡ್ಡಿಯನ್ನು ಒತ್ತಿ ಘರ್ಷಣೆಯನ್ನು ಅಳೆಯುವ ಯಂತ್ರಗಳನ್ನು ನಮ್ಮ ಬೆಂಗಳೂರಿನಲ್ಲಿಯೇ ಡ್ಯುಕಾಂ ಎಂಬ ಕಾರಖಾನೆಯವರು ತಯಾರಿಸುತ್ತಾರೆ; ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘರ್ಷಣೆ ಸವೆತಗಳ ಸಂಶೋಧನೆಯು ನಡೆದುಬಂದಿದೆ. ಬಿಲ್ಲೆಯನ್ನು ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗಿಸಿ, ಅಥವಾ ಕಡ್ಡಿಯನ್ನು ಹಿಂದಕ್ಕೂ ಮುಂದಕ್ಕೂ ಓಡಾಡಿಸಿ ಅಂತರದ ಅರ್ಧವನ್ನು ತೆಗೆದುಕೊಂಡರೆ ಓರೆಯ ದೋಷವು ಹೋಗುತ್ತದೆ. ಇಷ್ಟಾದರೂ ಬೇರೊಂದು ಪ್ರಶ್ನೆ ಉಳಿಯುತ್ತದೆ: ಲೇಪವು ಎಷ್ಟು ಹೊತ್ತು ನಿಂತಿತು? ಕೂದಲಿನ ಮೂವತ್ತರಲ್ಲೊಂದು ಪಾಲಿನ ಲೇಪವು ಒಂದು ಗಳಿಗೆ ಅದ್ಭುತವಾಗಿ ಜಾರಿ ಮರುಗಳಿಗೆಯಲ್ಲಿ ಸವೆದು ಹೋದರೆ ಆ ಅಂಕಿಯಿಂದ ಪ್ರಯೋಜನವೇನು?

ಇನ್ನು ಪರೀಕ್ಷಾಯಂತ್ರದಲ್ಲಿ ಇಡಲಾರದಷ್ಟು ದೊಡ್ಡದಾದ ವಸ್ತುಗಳ ಘರ್ಷಣೆಯನ್ನು ಅಳೆಯುವುದು ಹೇಗೆ? ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನಗಳಿವೆ. ಹೊಟಗಿಯಿಂದ ಗದಗಿಗೆ ಹೋಗುವ ರೈಲು ದಾರಿಯು ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳನ್ನು ಹಾಯ್ದು ಹೋಗುತ್ತದೆ. ಅದು 1884ರ ಸುಮಾರಿನಲ್ಲಿ ತೆರೆಯಿತು. ಅದೇ ಕಾಲಕ್ಕೆ, 1883ರಲ್ಲಿ, ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಎಂಜಿನಿಯರರು ರೈಲು ಬಂಡಿಯ ಅಚ್ಚಿನಂಥ ಅಚ್ಚನ್ನು ಎಣ್ಣೆಯಲ್ಲಿ ತಿರುಗಿಸಿ ಅದರ ಘರ್ಷಣೆಯನ್ನು ಅಳೆಯುತ್ತಿದ್ದರು. ಭಾರ ಹೊತ್ತ ಹಿತ್ತಾಳೆಯ ನೆತ್ತಿಯಲ್ಲಿ ಕೊರೆದಿದ್ದ ತೂತಿಗೆ ಮರದ ಬಿರಡೆ ಹಾಕಿದರೆ, ಒಳಗಿನ ಎಣ್ಣೆಯು ಅದನ್ನು ಹೊರಕ್ಕೆ ತಳ್ಳಿಬಿಟ್ಟಿತು. ಅಂದರೆ ತಿರುಗುವ ಅಚ್ಚು ಎಣ್ಣೆಯನ್ನು ತನ್ನೊಡನೆ ಒಳಕ್ಕೆಳೆದುಕೊಂಡು, ಒತ್ತಡವುಳ್ಳ ಪದರವನ್ನು ತಾನೇ ಕಟ್ಟಿಕೊಂಡು ಅದರ ಮೇಲೆ ತೇಲುತ್ತಿತ್ತು. ಆಸ್ಬೋರ್ನ್ ರೆನಾಲ್ಡ್ಸರು 1886ರಲ್ಲಿ ಇದರ ಗಣಿತವನ್ನು ರಚಿಸಿದರು. ಆಸ್ಟ್ರೇಲಿಯದ ಮಿಚೆಲ್, ಅಮೆರಿಕದ ಕಿಂಗ್ಸ್‌ಬರಿ ಎಂಬವರು ಬೇರೆ ಬೇರೆಯಾಗಿ ಇದೇ ತತ್ತ್ವವನ್ನು ಲಂಬವಾದ ಅಚ್ಚುಗಳಿಗೆ ಅನ್ವಯಿಸಿದರು. 1912ರಲ್ಲಿ ಕಿಂಗ್ಸ್‌ಬರಿಯವರ ಬೇರಿಂಗು ಅಮೆರಿಕದ ಹೋಲ್ಟ್‌ವುಡ್ ಜಲವಿದ್ಯುತ್ ಕೇಂದ್ರದಲ್ಲಿ ನೂರಾರು ಟನ್ ಭಾರವನ್ನು ಎಣ್ಣೆಯ ಪದರದ ಮೇಲೆ ಹೊತ್ತಿತು.

ಈಗ ಕೃಷ್ಣೆಯ ದಂಡೆಗೆ ಬರೋಣ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಆಲಮಟ್ಟಿಯು ಹಿಂದೆ ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿದೆ. ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ 55 ಮೆಗಾವಾಟಿನ ಐದು ಯಂತ್ರಗಳೂ 15 ಮೆಗಾವಾಟಿನ ಒಂದು ಯಂತ್ರವೂ ಸೇರಿ 290 ಮೆಗಾವಾಟ್ ಶಕ್ತಿಯುಂಟು. ಇಂಥ ಕೇಂದ್ರಗಳಲ್ಲಿ ನೀರಿನ ಚಕ್ರ, ಉದ್ದನೆಯ ಅಚ್ಚು, ವಿದ್ಯುಜ್ಜನಕ ಇವೆಲ್ಲವುಗಳ ಭಾರವು ಒಂದು ಬೇರಿಂಗಿನ ಮೇಲೆ ತೂಗುತ್ತಿರುತ್ತದೆ. ಮೃದುವಾದ ಬಿಳಿಲೋಹದ ಲೇಪವುಳ್ಳ ಹಲಗೆಗಳು, ಅವುಗಳ ಮೇಲೆ ಕೂದಲಿನಷ್ಟೂ ದಪ್ಪವಿಲ್ಲದ ಎಣ್ಣೆಯ ಪದರ, ಅದರ ಮೇಲೆ ತಿರುಗುವ ಭಾರ. ಎಣಿಕೆಗಾಗಿ ಭಾರವು 500 ಟನ್ನೆಂದೂ, ಜಾರುವ ವೇಗವು ಸೆಕೆಂಡಿಗೆ 10 ಮೀಟರೆಂದೂ ಹಿಡಿದರೆ, ಘರ್ಷಣಾಂಕವು 0.001 ಇದ್ದಾಗ ಸುಮಾರು 50 ಕಿಲೋವಾಟ್ ಶಕ್ತಿ ಘರ್ಷಣೆಗೆ ಹೋಗುತ್ತದೆ. ಅದೇ 0.1 ಆದರೆ 5 ಮೆಗಾವಾಟ್ ಹೋಗುವುದು. ಅಷ್ಟು ಶಾಖಕ್ಕೆ ಬಿಳಿಲೋಹವು ಕರಗಿ ಯಂತ್ರವು ಕೆಟ್ಟು ಕೂಡುವುದು.

ಇಲ್ಲಿ ಸೆಳೆತವನ್ನು ತೂಗುವ ತಕ್ಕಡಿಯನ್ನು ಹಚ್ಚುವುದು ಸಾಧ್ಯವಿಲ್ಲ. ಬಲ್ಲವರು ಶಾಖವನ್ನು ಅಳೆಯುತ್ತಾರೆ. ಘರ್ಷಣೆಯಲ್ಲಿ ಹೋದ ಶಕ್ತಿಯೆಲ್ಲವೂ ಬಿಸಿಯಾಗಿ ಎಣ್ಣೆಯನ್ನು ಸೇರಿ, ಎಣ್ಣೆಯಿಂದ ತಂಪು ಮಾಡುವ ನೀರನ್ನು ಸೇರುತ್ತದೆ. ಸೆಕೆಂಡಿಗೆ ಒಂದು ಲೀಟರು ನೀರು ಒಳಹೊಕ್ಕು 12 ಡಿಗ್ರಿ ಬಿಸಿಯಾಗಿ ಹೊರಬಂದರೆ ಅದು ಹೊತ್ತೊಯ್ಯುವ ಶಾಖವು ಸುಮಾರು 50 ಕಿಲೋವಾಟ್. ನೀರಿನ ಹರಿವು, ಎರಡು ಉಷ್ಣಮಾಪಕಗಳು, ಗಾಳಿಗೆ ಹೋದ ಬಿಸಿಯ ಲೆಕ್ಕ ಇಷ್ಟಿದ್ದರೆ ಕಣ್ಣಿಗೆ ಕಾಣದ ಆ ಪದರದ ಘರ್ಷಣೆಯು ತಿಳಿದುಬರುತ್ತದೆ. ಎರಡು ಉಷ್ಣಮಾಪಕಗಳಲ್ಲಿ ಒಂದು ಅರ್ಧ ಡಿಗ್ರಿ ಹೆಚ್ಚು ತೋರಿಸುವ ಸ್ವಭಾವದ್ದಾದರೇನು ಮಾಡುವುದೆಂದು ಜಾಣ ವಾಚಕರು ಕೇಳಬಹುದು. ಉತ್ತರವು ಹಿಂದಿನದೇ: ಒಂದರ ಸ್ಥಳದಲ್ಲಿ ಇನ್ನೊಂದನ್ನಿಟ್ಟು ಮತ್ತೊಮ್ಮೆ ಓದತಕ್ಕದ್ದು.

ಇದೇ ತತ್ತ್ವವು ಇಂಡಿಯ ನಿಂಬೆಯ ತೋಟದ ಕೊಳವೆ ಬಾವಿಯೊಳಗೂ ಇದೆಯೆಂದರೆ ಕೆಲವರಿಗೆ ಆಶ್ಚರ್ಯವಾದೀತು. ನೀರಿನೊಳಗೆ ಮುಳುಗಿರುವ ಮೋಟಾರುಗಳ ಬುಡದಲ್ಲಿಯೂ ಅಂಥದೇ ಸಣ್ಣ ಬೇರಿಂಗು ಇರುತ್ತದೆ. ನೀರು ತುಂಬಿದ ಬಗೆಯ ಮೋಟಾರುಗಳಲ್ಲಿ ಎಣ್ಣೆಯ ಬದಲು ನೀರೇ ಪದರವಾಗಿ ನಿಂತು, ಇಂಗಾಲವೇ ಮೊದಲಾದ ವಸ್ತುಗಳ ಹಲಗೆಗಳ ಮೇಲೆ ಭಾರವನ್ನು ತೇಲಿಸುತ್ತದೆ. ಮರಳು ನುಗ್ಗಿದರೆ ಹಲಗೆಗಳು ಗೀಚಿಹೋಗುತ್ತವೆ. ಬಾವಿ ಬತ್ತಿದಾಗ ಬರಿದೇ ಓಡಿಸಿದರೆ ನೀರಿನ ಪದರವು ಕೆಟ್ಟು ಬೇರಿಂಗು ಸುಟ್ಟುಹೋಗುತ್ತದೆ. ಸ್ಟಾರ್ಟರಿನ ಮೇಲಿನ ಆಂಪಿಯರ್ ಮುಳ್ಳನ್ನು ನೋಡಿ ಇದನ್ನು ಮುಂಚೆಯೇ ತಿಳಿಯಬಹುದೆಂದು ಕೆಲವರು ನಂಬುವರು. ಬೇರಿಂಗಿನ ಘರ್ಷಣೆಯು ಪಂಪಿನ ಒಟ್ಟು ಶಕ್ತಿಯಲ್ಲಿ ಅಲ್ಪಭಾಗವಾದುದರಿಂದ ಅದರ ಏರಿಳಿತವು ವೋಲ್ಟೇಜಿನ ಏರಿಳಿತದಲ್ಲಿ ಮುಚ್ಚಿಹೋಗುತ್ತದೆ. ಮುಳ್ಳು ಏರಿದ್ದು ಸ್ಪಷ್ಟವಾಗಿ ಕಂಡಾಗ ಕೆಡುಕು ಆಗಲೇ ಆಗಿರುತ್ತದೆ. ನೀರು ಇಳಿದಾಗ ಮೋಟಾರನ್ನು ತಾನಾಗಿ ನಿಲ್ಲಿಸುವ ಸಾಧನವನ್ನು ಹಾಕಿಸುವುದೇ ಕ್ಷೇಮ.

ಈ ವಿಷಯವೆಲ್ಲ ಕೇವಲ ವಿದ್ವಾಂಸರ ವಿನೋದವಲ್ಲ. ಜಗತ್ತು ಬಳಸುವ ಒಟ್ಟು ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಘರ್ಷಣೆಯನ್ನು ಗೆಲ್ಲುವುದಕ್ಕೆ ವ್ಯಯವಾಗುತ್ತದೆಂದು ಫಿನ್ಲೆಂಡಿನ ಹೋಲ್ಂಬರ್ಗ್ ಮತ್ತು ಅಮೆರಿಕದ ಎರ್ಡೆಮಿರ್ 2017ರಲ್ಲಿ ಲೆಕ್ಕಮಾಡಿ ತೋರಿಸಿದರು. ಅದನ್ನು ಉಳಿಸುವ ಎಣ್ಣೆಗಳೂ ಲೇಪಗಳೂ ನಿಜವಾಗಿ ಇವೆ. ಆದುದರಿಂದಲೇ ಸುಳ್ಳು ಅಂಕಿಗಳಿಗೂ ಗಿರಾಕಿಗಳು ದೊರೆಯುತ್ತಾರೆ.

ಮಾವಂದಿರ ಡಬ್ಬಿಯ ಕಥೆಯನ್ನು ಮುಗಿಸಬೇಕಷ್ಟೆ. ನಾವು ವಾದ ಮಾಡಲಿಲ್ಲ. ಪಕ್ಕದ ಹೊಲದವರಲ್ಲಿ ಅದೇ ಬಗೆಯ, ಅದೇ ವಯಸ್ಸಿನ ಟ್ರ್ಯಾಕ್ಟರು ಇತ್ತು. ಅದಕ್ಕೆ ಆ ಎಣ್ಣೆಯನ್ನು ಹಾಕಿರಲಿಲ್ಲ. ಮೊದಲ ದಿನ ಮಾವಂದಿರ ಟ್ರ್ಯಾಕ್ಟರು ಮೂಡಣ ಹೊಲದ ಅರ್ಧಭಾಗದಲ್ಲಿಯೂ ನೆರೆಯವರದು ಪಡುವಣ ಹೊಲದ ಅಷ್ಟೇ ಭಾಗದಲ್ಲಿಯೂ ರಂಟೆ ಹೊಡೆದವು. ಸಂಜೆ ತೊಟ್ಟಿಗಳನ್ನು ಅಳೆದು ತುಂಬಿದಾಗ ಮಾವಂದಿರದಕ್ಕೆ ಎರಡು ಲೀಟರು ಕಡಿಮೆ ಹಿಡಿಯಿತು. ಅವರ ಮುಖವು ಅರಳಿತು. "ನಾಳೆ ಹೊಲ ಬದಲಿಸಿರಿ" ಎಂದು ಮಾತ್ರ ನಾವು ಬೇಡಿಕೊಂಡೆವು. ಮರುದಿನ ನೆರೆಯವರ ಟ್ರ್ಯಾಕ್ಟರು ಮೂಡಣ ಹೊಲದ ಉಳಿದ ಅರ್ಧವನ್ನೂ ಮಾವಂದಿರದು ಪಡುವಣದ ಉಳಿದ ಅರ್ಧವನ್ನೂ ಮುಗಿಸಿದವು. ಈ ಸಲ ಎರಡು ಲೀಟರು ಕಡಿಮೆ ಹಿಡಿದುದು ನೆರೆಯವರದಕ್ಕೆ. ಮೂಡಣ ಹೊಲದ ಎರೆಯು ಹದವಾಗಿತ್ತು, ಪಡುವಣದ್ದು ಗಟ್ಟಿಯಾಗಿತ್ತು. ಉಳಿತಾಯವನ್ನು ಮಾಡಿದುದು ಎಣ್ಣೆಯಲ್ಲ, ಮಣ್ಣು.

ಮಾವಂದಿರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಒಡೆಯದಿದ್ದ ಎರಡನೆಯ ಡಬ್ಬಿಯನ್ನು ಕೈಗೆತ್ತಿಕೊಂಡು, "ಕಣ್ಣು ಸುಳ್ಳು ಹೇಳಲಿಲ್ಲ ತಮ್ಮಾ; ಒಂದೇ ಮಗ್ಗಲದಿಂದ ನೋಡಿತ್ತು" ಎಂದರು. ಯಾವ ವಸ್ತುವಿನ ಗುಣವನ್ನಾದರೂ ಕೊಳ್ಳುವ ಮುಂಚೆ ಎರಡು ಮಗ್ಗಲಿನಿಂದ ತೂಗಿ ನೋಡುವ ಅಭ್ಯಾಸವನ್ನು ನಮ್ಮ ವಾಚಕರೂ ಇಟ್ಟುಕೊಳ್ಳಲೆಂದು ಹಾರೈಸಿ ಈ ತಿಂಗಳ ಮಾತನ್ನು ಮುಗಿಸುವೆವು.